ಮೊದಲ ಸಾವಿರ

ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.
ಮಂಡ್ಯದ ಶೋರೂಮಿನ ಬಾಗಿಲಲ್ಲೇ ಪಚಕ್ಕೆಂದವು.

ಸಾವಿರ ಕಿಲೋಮೀಟರ್ ತುಂಬೋ ತನಕ
ಅರವತ್ತು ದಾಟಿಸಬೇಡಿ ಮೇಡಂ, ಅಂದಿದ್ದ ಮೆಕ್ಯಾನಿಕ್ ಹಿದಾಯತ್;
ಎಂಜಿನ್ನಿಗೂ ಹಲ್ಲು ಕೂರಬೇಕು.

ಪಕ್ಕದಲ್ಲಿ ಬೆಲ್ಟು ಬಿಗಿದು ಕೂತ ಸೋದರಮಾವ ನಕ್ಕ:
‘ಹೋರಿಗೂ ಮೊದ್ಲು ಬರೀ ನೊಗ ಕಣವ್ವ,
ಆಮೇಕೆ ಗಾಡಿ.’

ಪಾಂಡವಪುರದ ನಾಲೆ ಏರಿ. ತಡೆಗೋಡೆಯಿಲ್ಲ.
ಮುಂದೆ ಟೈಲ್‌ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರು,
ಸೋಗೆಯಲ್ಲಿ ರಸ್ತೆ ಗುಡಿಸುತ್ತ
ತೇಕುತ್ತಿದೆ.
ಹಿಂದಿನವನ ಹಾರನ್ನು ನನ್ನ ಬೆನ್ನು ತಿವಿಯುತ್ತದೆ.
ತಿವಿಯಲಿ.

ಓಡಿದ್ದು ಇನ್ನೂ ನಲವತ್ತೊಂದು.
ಮಾವನಿಗಾಗಲೇ ಗೊರಕೆ.
ಗಾಜಿಳಿಸಿದರೆ
ಟೈರಿನಿಂದ ಅದೇ ನಿಂಬೆ ವಾಸನೆ —
ಈ ಚಕ್ರದಡಿ ಸಿಕ್ಕಿದ್ದು
ಅಷ್ಟೇ ಇರಲಿ.