ಗಿಜಿಗಿಜಿ

ವಾಸ್ಕೋದ ಸಡಾ ಗುಡ್ಡದ ತುದಿಯಲ್ಲಿ
ಬಂದರಿಗೆ ಬೆನ್ನು ಹಾಕಿ
ಕಾರೆಮುಳ್ಳಿನ ನಡುವೆ ಮೊಣಕಾಲೆತ್ತರ ನಿಂತಿರುತ್ತದೆ.
ಸೆಪ್ಟೆಂಬರಿಗೆ ಹಳದಿ ಹೂ.
ಒಂದು ಎಸಳು ಬಾವುಟದ ಹಾಗೆ ಮೇಲೆ,
ಅದರ ಬೆನ್ನಿಗೆ ಕೆಂಪು ಗೀರು,
ಯಾರೋ ಲೆಕ್ಕ ತಪ್ಪಿ ಗೀಚಿ ಅಳಿಸದೆ ಬಿಟ್ಟಂತೆ.

ಮನೆ ಒಡತಿ ಪಿಯೆದಾದ್ ಬಾಯ್ ಇದಕ್ಕೆ ಘಾಗ್ರಿ ಅಂತಾಳೆ.
ನಮ್ಮ ರೋಣದ ಕಡೆ ಗಿಜಿಗಿಜಿ.
ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳುವ ಆಕೆಗೆ
ನಾನೊಮ್ಮೆ ಅಂದಿದ್ದೆ:
ಈ ಗಿಡಕ್ಕೆ ಅಷ್ಟೂ ಬೇಡ ಬಾಯ್,
ಜೂನಿಗೆ ಬಂದು ಜನವರಿಗೆ ಖಾಲಿ ಮಾಡುತ್ತದೆ,
ಠೇವಣಿ ಮಾತ್ರ ಮಣ್ಣಲ್ಲೇ ಬಿಟ್ಟು.
ನಕ್ಕಳು. ಬಾಡಿಗೆ ಇಳಿಸಲಿಲ್ಲ.

ಡಿಸೆಂಬರಿನಲ್ಲಿ ಚಿಖಲಿ ಆಸ್ಪತ್ರೆಯ ನರ್ಸು
ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ
ಕಾರ್ಡಿನ ಮೇಲೆ ಏನೋ ಬರೆದಳು.
ಮಡಗಾಂವಿಗೆ ಹೋಗಿ ಕಿವಿ ತೋರಿಸಿ, ಅಂದಳು.
ಮಡಗಾಂವು ಇಲ್ಲಿಂದ ಒಂದು ದಿನದ ಕೂಲಿಯಷ್ಟು ದೂರ.

ಆವತ್ತು ಸಂಜೆ ನೀಲವ್ವನನ್ನು ಕಂಕುಳಲ್ಲಿ ಇಟ್ಟುಕೊಂಡು
ಗುಡ್ಡ ಹತ್ತಿದೆ. ಹೂವೆಲ್ಲ ಮುಗಿದಿತ್ತು.
ಕಾಯಿ ಕರ್ರಗೆ ಒಣಗಿ, ಹೊಟ್ಟೆ ಉಬ್ಬಿ,
ಗಾಳಿ ಮುಟ್ಟಿದರೆ ಸಾಕು, ಇಡೀ ಇಳಿಜಾರು
ಸಣ್ಣ ದನಿಯಲ್ಲಿ ಚಾಡಿ ಹೇಳುತ್ತಿತ್ತು.
ಒಂದು ಕಿತ್ತು ಅವಳ ಬಲಗಿವಿಯ ಹಿಂದೆ ಅಲ್ಲಾಡಿಸಿದೆ.
ಗಿಜಿ.
ಎಡಗಿವಿ.
ಗಿಜಿಗಿಜಿ.
ಅವಳು ಹಡಗು ನೋಡುತ್ತಿದ್ದಳು.

ಇನ್ನೊಮ್ಮೆ ಅಲ್ಲಾಡಿಸಲು ಧೈರ್ಯ ಬರಲಿಲ್ಲ.
ಕಾಯಿಯನ್ನು ಅವಳ ಅಂಗೈಯಲ್ಲಿಟ್ಟೆ.
ಮುಷ್ಟಿ ಕುಣಿಸಿದಳು, ನಿಲ್ಲಿಸಿದಳು,
ಒಳಗೆ ಯಾರೋ ಓಡಾಡಿದ್ದು ಕೈಗೆ ತಿಳಿದು
ಕೆನ್ನೆಗೆ ಒತ್ತಿಕೊಂಡು ಕೇಕೆ ಹಾಕಿದಳು.
ನಾನೂ ನಕ್ಕೆ. ಅಷ್ಟರಲ್ಲಿ ಕಾಯಿ ಸಿಡಿಯಿತು.

ಆ ಬೀಜ ವಿಷ. ತಿಂದ ಎಮ್ಮೆ
ನಮ್ಮ ಹಿತ್ತಲಲ್ಲೇ ಬಿದ್ದದ್ದು ನೋಡಿದ್ದೇನೆ.
ಬೆರಳು ಬಿಡಿಸಿ ಎಣಿಸಿದೆ, ಮಡಿಲಲ್ಲಿ ಎಣಿಸಿದೆ,
ಅವಳ ಬಾಯೊಳಗೆ ಬೆರಳಿಟ್ಟು ಒಸಡು ತಡವಿದೆ.
ಎಷ್ಟಿದ್ದವು ಅಂತ
ಮೊದಲೇ ಯಾರು ಎಣಿಸಿರುತ್ತಾರೆ?

ರಾತ್ರಿಯೆಲ್ಲ ಕಲ್ಲಿದ್ದಲ ಗಾಡಿ
ಹಿಂದೆ ಮುಂದೆ ಗುದ್ದಾಡುತ್ತಿತ್ತು ಹಳಿಯ ಮೇಲೆ.
ನಾನು ಅವಳ ಮೂಗಿಗೆ ಕಿವಿಯಿಟ್ಟು
ಉಸಿರು ಕೇಳುತ್ತ ಕೂತೆ.
ಹೋಗುತ್ತದೆ. ಬರುತ್ತದೆ.

ಬೆಳಗಿನ ಜಾವ ಕೌದಿ ಕೊಡವಿದಾಗ
ಮಡಿಕೆಯಿಂದ ಒಂದು ಬಿದ್ದು
ಗಾರೆಯ ಮೇಲೆ ಪುಟಿಯಿತು, ಟಿಕ್.
ನೀಲವ್ವ ಎದ್ದು ಕೂತಿದ್ದಳು, ಗೋಡೆಯ ಕಡೆ ಮುಖ.
ತಿರುಗಿ ನೋಡಿದವಳು ನಾನೊಬ್ಬಳೇ.

ಡಬ್ಬಿ ಬಗ್ಗಿಸಿ ಚಿಲ್ಲರೆ ಎಣಿಸಿದೆ.
ಮಡಗಾಂವಿನ ಮೊದಲ ಬಸ್ಸು ಆರೂವರೆಗೆ.