ಇತರೆ ವಿಷಯಗಳು

ಶಹಾಬಾದ ಪುರಸಭೆ, ಮೇ ತಿಂಗಳ ಸಭೆ.
ಕರೆಂಟಿಲ್ಲ. ನಡಾವಳಿ ಬರೆಯುವವ ನಾನು.
ಒಂದು: ಸ್ಟೇಷನ್ ರಸ್ತೆಯ ಗಟಾರ.
ಎರಡು: ಹಂದಿ ಹಿಡಿಯುವವರ ಬಾಕಿ ಬಿಲ್ಲು.
ಮೂರು: ಬಸ್‌ಸ್ಟ್ಯಾಂಡಿನ ಮಳಿಗೆ ಹರಾಜು.
ನಾಲ್ಕು: ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳು.

ಅಪ್ಪಣೆ ಕೇಳದೆ ಎದ್ದ ಮರೆಪ್ಪ ಕಟ್ಟಿಮನಿ,
ಹನ್ನೊಂದನೇ ವಾರ್ಡು, ಪಾಲಿಶ್ ಮಷೀನಿನ ಕೂಲಿ,
ಹುಬ್ಬಿನ ಮೇಲೆ ಇನ್ನೂ ಕಲ್ಲಿನ ಹಿಟ್ಟು.
"ಸಮುದ್ರದಾಚಿ ಆ ನಡುಗಡ್ಡಿ ಲಡಾಯಿ ನಿಂದರಸ್ರಿ ಅಂತ
ಈ ಸಭಾ ದಿಲ್ಲಿಗಿ ಠರಾವು ಕಳಸಬೇಕು" ಅಂದ.

ನಕ್ಕರು. ನಾನೂ ನಕ್ಕೆ, ಪೆನ್ನು ಮುಚ್ಚಿ.
ಅಧ್ಯಕ್ಷ ಸೌದಾಗರ ಸಾಹೇಬರು ಕುತ್ತಿಗೆ ಒರೆಸಿಕೊಳ್ಳುತ್ತ
"ನಿನ್ನ ವಾರ್ಡಿನ ಗಟಾರ ಮೊದಲು ನಿಂದರಸು, ಮರೆಪ್ಪ."

"ನಗ್ರಿ. ನಾ ಸಾಲಿ ಕಲ್ತಿಲ್ಲ, ಖಣಿ ಬಲ್ಲೆ.
ಮೊದಲನೇ ಪದರ ತೆಗದ್ರ ಬರೀ ಚೂರು.
ಇನ್ನೊಂದ ಪದರ, ಕೆಳಗ ಚೊಲೊ ಕಲ್ಲ ಅದ ಅಂತಾನ ಮಾಲಕ.
ತೆಗೀತೀವಿ. ಸೀಳು.
ಇಷ್ಟ ಇಳದೀವಿ, ಈಗ ಬಿಟ್ರ ಹಾಕಿದ್ದೆಲ್ಲಾ ಮಣ್ಣ ಅಂತಾನ.
ನೀರ ಬಂದದ ಮಾಲಕ, ಮೊಣಕಾಲ ಮಟ ಬಂದದ ಅಂದ್ರೂ
ಇನ್ನೊಂದ ಪದರ.
ಹೋದ ರೊಕ್ಕ ಹುಡುಕಲಾಕ ಮಂದೀನ ಕೆಳಗ ಇಳಸಬಾರದು, ಸಾಹೇಬ್ರ.

ಇಬ್ಬರು ಬಡದಾಡೋ ಮನಿಗಿ ಬಿಡಸಲಾಕ ಹೋದ್ವಿ. ಖರೆ.
ಈಗ ಬಡಗಿ ನಮ್ಮ ಕೈಯಾಗ ಅದ,
ಅವ್ರಿಬ್ಬರೂ ಕೂಡಿ ಹೊರಗ ನಡೀರಿ ಅನ್ಲಾಕತ್ತಾರ.
ಹೊಸ್ತಿಲ ದಾಟಿ ಬರಲಾಕ ನಾಚಿಕಿ ಯಾಕ?
ಮೂರ ತಿಂಗಳ ಅಂದಿದ್ರು. ಇದು ಎರಡನೇ ಬ್ಯಾಸಗಿ."

ಯಾರೋ ಗಡಿಯಾರ ನೋಡಿಕೊಂಡರು.
ಮರೆಪ್ಪನಿಗೆ ಅದು ಕಂಡಿತು. ದನಿ ಇಳಿಸಿದ.

"ಮದ್ರಾಸ ಕಡಿ ಹೋಗೋ ಮಿಲಿಟರಿ ಗಾಡಿ
ರಾತ್ರಿ ಔಟರ್ ಸಿಗ್ನಲಿಗಿ ನಿಂದರತದ, ಗೂಡ್ಸ್ ಮುಂದ ಹೋಗೋ ತನಕ.
ಎರಡ ಬಕೀಟ ನೀರ ಒಯ್ತೀನಿ ನಾ.
ಒಬ್ಬ ಹುಡುಗ ಕಾಗದ ಕೊಟ್ಟ, ಡಬ್ಬಿಗಿ ಹಾಕ್ರಿ ಚಾಚಾ ಅಂದ.
ಕಳಸಿದವರ ಹೆಸರ ಬೆವರಿಗಿ ಅಳದಿತ್ತು,
ಪೋಸ್ಟ್‌ಮಾಸ್ತರ ನನ್ನ ಹೆಸರ ಬರದ.
ಹೋದ ವಾರ ನನಗ ಜವಾಬ ಬಂತು. ಅವನ ಅವ್ವಂದು.
ತಾರು ಬಂದದಂತ.
ನೀವು ಅವನ್ನ ನೋಡೀರಿ, ಹೆಂಗಿದ್ದ ಅಂತ ಕೇಳ್ಯಾಳ.
ಸೊರಗಿದ್ದನ?"

ಮಳಿಗೆ ಹರಾಜಿನ ಫೈಲಿನ ಮೇಲೆ ಆ ಕಾಗದ ಇಟ್ಟ.
ಯಾರೂ ಮುಟ್ಟಲಿಲ್ಲ.
ಮುಖ್ಯಾಧಿಕಾರಿ ಕೆಮ್ಮಿ, ಕನ್ನಡಕ ಹಾಕಿಕೊಂಡು
ಇದು ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು.
ನಾನು ಬರೆದೆ: ಸದಸ್ಯರಾದ ಶ್ರೀ ಮರೆಪ್ಪನವರು ಮಾತನಾಡಿದರು.
ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.

ಮುಂದಿನ ಸಭೆಗೆ ಕೋರಂ ಇರಲಿಲ್ಲ.
ಅದರ ಮುಂದಿನದಕ್ಕೆ ಹಂದಿಗಳ ಜಗಳವೇ ಸಂಜೆ ಮಾಡಿತು.
ಮರು ವರ್ಷ, ಬಿಸಿಲು ಏರುವ ಹೊತ್ತಿಗೆ,
ಗಾಡಿಗಳು ಉತ್ತರಕ್ಕೆ ಹೊರಟವು, ಕಿಟಕಿ ತುಂಬ ಮೊಣಕೈ.
"ನಿನ್ನ ಠರಾವು ಪಾಸಾಯ್ತಲ್ಲೋ" ಎಂದು ಸೌದಾಗರ ಸಾಹೇಬರು ಬೆನ್ನು ತಟ್ಟಿದರು.
"ಪುಸ್ತಕದಾಗ ಎಲ್ಲಿ ಅದ, ತೋರಸ್ರಿ" ಅಂದ ಮರೆಪ್ಪ.
ನಾನು ಕಪಾಟಿನ ಕೀಲಿ ಹುಡುಕುವವನಂತೆ ಬಗ್ಗಿದೆ.

ಇಷ್ಟು ಮಾತ್ರ ಮಾಡಿದೆ, ಅದೇ ಮೇ ತಿಂಗಳ ರಾತ್ರಿ:
ಅವನು ಹೇಳುತ್ತ ಹೋದ, ನಾನು ಹಿಂದಿಯಲ್ಲಿ ಬರೆದೆ.
ಸೊರಗಿರಲಿಲ್ಲ ಎಂದು ಬರೆಯಲು ಹೋದೆ, ಕೈ ಹಿಡಿದ.
"ಕತ್ತಲಿತ್ತು, ಹೊಟ್ಟಿ ನಾ ನೋಡಿಲ್ಲ.
ಎರಡ ತಂಬಗಿ ನೀರ ಕುಡದ ಅಂತ ಬರಿ.
ತಂಬಗಿ ತೊಳದು ಹೊಳ್ಳಿ ಕೊಟ್ಟ ಅಂತ ಬರಿ."