ಇನ್ನೊಮ್ಮೆ ಹಿಂದಕ್ಕೆ

ಹಡರ್ಸ್‌ಫೀಲ್ಡಿನ ಗ್ರಂಥಾಲಯ, ಮೇಲಂತಸ್ತು,
ಮಂಗಳವಾರ ಸಂಜೆ ಆರೂವರೆ.
ಮಕ್ಕಳಿಗೆ ಕಥೆ ಓದುವ ಕೋಣೆ, ಕುರ್ಚಿಗಳೆಲ್ಲ ಗಿಡ್ಡ.
ಮೊಣಕಾಲು ಎದೆಗೆ ತಾಗಿಸಿ ಕೂತಿದ್ದೇವೆ
ಆರು ಜನ ಊರವರು, ಒಬ್ಬ ಸಾರ್ಜೆಂಟ್.

ಎವರ್ಟನ್ ಮೂವತ್ತು ವರ್ಷ ಬಸ್ಸು ಓಡಿಸಿದವ.
ಗ್ವೆನ್ ಮದುವೆಯ ಉಡುಪು ಹೊಲಿಯುತ್ತಾಳೆ.
ನಾನು ಹಲ್ಲಿನ ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವವಳು,
ನೋವನ್ನು ಸಾಲಾಗಿ ಕೂರಿಸುವುದು ನನ್ನ ಕಸುಬು.
ಪೊಲೀಸರ ಕೆಲಸ ನಮಗೇನು ಗೊತ್ತು?
ಗೊತ್ತಿಲ್ಲವೆಂದೇ ಕರೆದಿದ್ದಾರೆ.

ಪೇದೆಯ ಎದೆಗೆ ಸಿಕ್ಕಿಸಿದ ಕ್ಯಾಮೆರಾ ಕಂಡದ್ದನ್ನು
ಗೋಡೆಯ ಮೇಲೆ ಬಿಟ್ಟರು.
ಒಬ್ಬ ಹುಡುಗ. ಹದಿನಾರಿರಬಹುದು. ಮುಖ ಮಸುಕು ಮಾಡಿದ್ದಾರೆ.
ಪೇದೆಯ ಮುಖಕ್ಕೆ ಆ ಕಷ್ಟವಿಲ್ಲ,
ಎದೆಯ ಕಣ್ಣಿಗೆ ತನ್ನ ಮೇಲಿನ ಮುಖ ಕಾಣದು:
ಒಂದು ಕೈಗವಸು, ಉಸಿರಿನ ಹಬೆ, ದನಿ,
ಒದ್ದೆ ರಸ್ತೆಯ ಮೇಲೆ ಉದ್ದ ನೆರಳು.

ಚೀಲ ತೆರೆ. ಜೇಬು. ಇನ್ನೊಂದು ಜೇಬು.
ಸಿಕ್ಕಿದ್ದು ಅರ್ಧ ತಿಂದ ಸಾಸೇಜ್ ರೋಲ್,
ತಂಗಿಯದಂತೆ, ಒಂದು ಕೂದಲ ಕ್ಲಿಪ್ಪು,
ಕಂಪಾಸು. ಅದರ ಮೊನೆಯನ್ನು ಎರಡು ಸಲ ಮುಟ್ಟಿ ನೋಡಿದ.

ಚೀಟಿಯಲ್ಲಿ ‘ಕಾರಣ’ಕ್ಕೆ ಬಿಟ್ಟ ಜಾಗ ಎರಡು ಬೆರಳಗಲ.
ಬರೆದದ್ದು: ನಮ್ಮನ್ನು ಕಂಡು ನಡಿಗೆ ಬದಲಿಸಿದ.

ಎವರ್ಟನ್ ನಕ್ಕ. ‘ನನ್ನದೂ ಬದಲಾಗುತ್ತೆ,
ಎಪ್ಪತ್ತೊಂದು ನನಗೆ, ಮಂಡಿನೋವು ಬೇರೆ.’
ಸಾರ್ಜೆಂಟ್ ಹೋಲ್‌ರಾಯ್ಡ್ ನಗಲಿಲ್ಲ, ಬರೆದುಕೊಂಡ.

ಬೇಲಿಯೇ ಎದ್ದು ಹೊಲ ಮೇಯುವ ಮಾತು
ಅಜ್ಜಿಯ ಬಾಯಲ್ಲಿ ಕೇಳಿದ್ದೆ.
ಹೊಲವೇ ಬೇಲಿಯನ್ನು ಗಿಡ್ಡ ಕುರ್ಚಿಯಲ್ಲಿ ಕೂರಿಸಿ
‘ಯಾಕಪ್ಪಾ?’ ಅಂದದ್ದು ಕೇಳಿರಲಿಲ್ಲ.

ತಡೆದದ್ದು ಸರಿ ಅನ್ನುವವರು ಕೈ ಎತ್ತಿ, ಅಂದರು.
ಎರಡು ಕೈ. ಒಂದು ನನ್ನದು.
ಹೋದ ತಿಂಗಳು ನಮ್ಮ ಬೀದಿಯಲ್ಲೇ ಒಬ್ಬನಿಗೆ ಚಾಕು ಹಾಕಿದ್ದರು.
ಭಯಕ್ಕೂ ಒಂದು ಮತವಿದೆ.

ಆದರೂ ಯಾಕೋ, ಎತ್ತಿದ ಕೈಯಲ್ಲೇ ಅಂದೆ:
ಇನ್ನೊಮ್ಮೆ ಹಿಂದಕ್ಕೆ.
ಇನ್ನೂ ಹಿಂದಕ್ಕೆ. ಅಲ್ಲಿ. ನಿಲ್ಲಿಸಿ.

ಯಾರೂ ಏನೂ ಹೇಳಿಲ್ಲ ಇನ್ನೂ.
ಹುಡುಗ ಆಗಲೇ ಎರಡೂ ತೋಳು ಅಗಲಿಸಿದ್ದಾನೆ.
‘ಅಳತೆ ಕೊಟ್ಟು ರೂಢಿಯಾದವರು,’ ಅಂದಳು ಗ್ವೆನ್,
‘ಹೀಗೇ ನಿಲ್ಲುತ್ತಾರೆ.’

ಎತ್ತಿದ ಕೈ ಇಳಿಸಬಹುದೇ ಎಂದು ಕೇಳಿದೆ.
ಹೋಲ್‌ರಾಯ್ಡ್ ನಿಯಮದ ಪುಟ ತಿರುವುತ್ತಿದ್ದಾನೆ.
ಕೆಳಗೆ ಒಂದೊಂದೇ ದೀಪ ಆರಿಸುತ್ತಿದ್ದಾರೆ.
ಗೋಡೆಯ ಮೇಲೆ ಅವನು ಇನ್ನೂ ಹಾಗೇ,
ತೋಳು ಅಗಲಿಸಿ.